ಪೈ ದುಬಾರಿಯಾಯಿತು, ಹಾಗೆಂದು ಪರ್ಯಾಯ ಬೋರ್ಡ್ ಅಗ್ಗವೇ?

2012ರ ಫೆಬ್ರುವರಿ 29ರಂದು ರಾಸ್ಪ್‌ಬೆರಿ ಪೈ ಎಂಬ, ಒಂದೇ ಬೋರ್ಡ್‌ನ ಪುಟ್ಟ ಕಂಪ್ಯೂಟರ್ (ಸಿಂಗಲ್ ಬೋರ್ಡ್ ಕಂಪ್ಯೂಟರ್) ಮಾರುಕಟ್ಟೆಗೆ ಬಂದಾಗ ಅದರ ಬೆಲೆ 35 ಡಾಲರ್, ಮೆಮೊರಿ 256 ಎಂಬಿ. ಅಂದಿನಿಂದ ಬಹುಕಾಲ ಹವ್ಯಾಸಿಗಳ ನಡುವೆ ಹೆಚ್ಚು ಚರ್ಚೆ ಬೇಕಿರಲಿಲ್ಲ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಓಡಿಸುವ ಚಿಕ್ಕ ಕಂಪ್ಯೂಟರ್ ಬೇಕೆಂದರೆ ಪೈ, ಅಷ್ಟೆ. ಈಗ ಆ ನಿಶ್ಚಿಂತೆ ಉಳಿದಿಲ್ಲ. 2025ರ ಡಿಸೆಂಬರ್‌ನಲ್ಲಿ 16 ಜಿಬಿ ಮೆಮೊರಿಯ ಪೈ 5ರ ಬೆಲೆ 120 ಡಾಲರ್‌ನಿಂದ 145 ಡಾಲರ್‌ಗೆ ಏರಿತು. ಎರಡೇ ತಿಂಗಳಲ್ಲಿ ಮತ್ತೊಂದು ಏರಿಕೆ ಪ್ರಕಟವಾಯಿತು. ಅದಕ್ಕೂ ಮುಂಚೆ, ಅಕ್ಟೋಬರ್‌ನಲ್ಲಿ, ಚಿಪ್ ಕಂಪನಿ ಕ್ವಾಲ್ಕಾಮ್ ತಾನು ಹವ್ಯಾಸಿ ಎಲೆಕ್ಟ್ರಾನಿಕ್ಸ್ ಬೋರ್ಡ್‌ಗಳ ಸಂಸ್ಥೆ ಆರ್ಡುಯಿನೊವನ್ನು ಕೊಳ್ಳುತ್ತಿರುವುದಾಗಿ ಘೋಷಿಸಿ, ಜೊತೆಯಲ್ಲೇ ಲಿನಕ್ಸ್ ಓಡಿಸಬಲ್ಲ ಆರ್ಡುಯಿನೊ ಬೋರ್ಡೊಂದನ್ನು ಮುಂದಿಟ್ಟಿತು. ಇತ್ತ ಆರೆಂಜ್ ಪೈ, ರಾಡ್ಕ್ಸಾ, ಬನಾನಾ ಪೈ ಮುಂತಾದ ಹೆಸರುಗಳ ಬೋರ್ಡ್‌ಗಳು ಪೈಗಿಂತ ಹೆಚ್ಚು ಕೋರ್, ಹೆಚ್ಚು ವೇಗ ಎನ್ನುತ್ತಿವೆ. ಇಂಟೆಲ್ ಚಿಪ್‌ನ ಮಿನಿ ಪಿಸಿಗಳು ಇನ್ನೊಂದು ಕಡೆಯಿಂದ ಕರೆಯುತ್ತಿವೆ.

ಹೊಸದೊಂದು ಯೋಜನೆಗೆ ಬೋರ್ಡ್ ಹುಡುಕುತ್ತಿರುವವರಿಗೆ ಇವೆಲ್ಲ ಬೇರೆ ಬೇರೆ ಸುದ್ದಿಗಳಾಗಿ ಕಾಣುತ್ತವೆ. ಆದರೆ ಎಲ್ಲವೂ ಬಂದು ನಿಲ್ಲುವುದು ಎರಡು ಪ್ರಶ್ನೆಗಳ ಮುಂದೆ. ಈ ಕೆಲಸಕ್ಕೆ ಎಷ್ಟು ಮೆಮೊರಿ ಬೇಕು? ಈ ಬೋರ್ಡ್‌ನ ತಂತ್ರಾಂಶವನ್ನು ಮುಂದಿನ ವರ್ಷಗಳಲ್ಲಿ ಯಾರು ನೋಡಿಕೊಳ್ಳುತ್ತಾರೆ?

ಏರಿದ್ದು ಮೆಮೊರಿಯ ಬೆಲೆ

ಬೋರ್ಡ್‌ಗಳ ಬೆಲೆ ಏರಲು ಕಾರಣ ಪ್ರೊಸೆಸರ್ ಅಲ್ಲ, ಅದರ ಪಕ್ಕದಲ್ಲಿ ಬೆಸೆದಿರುವ ಮೆಮೊರಿ ಚಿಪ್. ಕಂಪ್ಯೂಟರ್, ಫೋನ್‌ಗಳ ಈ ಕೆಲಸದ ಮೆಮೊರಿಗೆ ಡಿರ‍್ಯಾಮ್ ಎನ್ನುತ್ತಾರೆ. ಜಗತ್ತಿನ ಡಿರ‍್ಯಾಮ್‌ನ ಬಹುಪಾಲು ತಯಾರಾಗುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳಲ್ಲಿ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಬಳಸುವ ವೇಗವರ್ಧಕ ಚಿಪ್‌ಗಳಿಗೆ ಎಚ್‌ಬಿಎಂ ಎಂಬ ವಿಶೇಷ ಮೆಮೊರಿ ಬೇಕು. ಅದು ಪದರದ ಮೇಲೆ ಪದರ ಜೋಡಿಸಿದ ಮೆಮೊರಿ. ಅದರಲ್ಲಿ ಲಾಭ ಹೆಚ್ಚು, ಅಷ್ಟೇ ಜಿಬಿಗೆ ಹಿಡಿಯುವ ಸಿಲಿಕಾನ್ ಕೂಡ ಹೆಚ್ಚು. ಕಾರ್ಖಾನೆಯ ಸಾಮರ್ಥ್ಯ ಅತ್ತ ತಿರುಗಿದಷ್ಟೂ ಸಾಮಾನ್ಯ ಮೆಮೊರಿಗೆ ಉಳಿಯುವುದು ಕಡಿಮೆಯಾಗುತ್ತದೆ. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ, ಬಿಡಿ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯವಹಾರದಿಂದಲೇ ಹಿಂದೆ ಸರಿಯುವುದಾಗಿ ಹೇಳಿತು.

ಚಿಕ್ಕ ಬೋರ್ಡ್‌ಗಳಿಗೆ ಇನ್ನೊಂದು ಪೆಟ್ಟೂ ಇದೆ. ಪೈ 4, ಪೈ 5 ಬಳಸುವುದು ಎಲ್‌ಪಿಡಿಡಿಆರ್4 ಪೀಳಿಗೆಯ ಮೆಮೊರಿ. ಒಳ್ಳೆಯ ಫೋನ್‌ಗಳು ಅದನ್ನು ಬಿಟ್ಟು ಮುಂದಿನ ಪೀಳಿಗೆಗೆ ಹೋಗಿಯಾಗಿದೆ. ಹಳೆಯ ಪೀಳಿಗೆಯ ಉತ್ಪಾದನೆಯನ್ನು ಹೆಚ್ಚಿಸುವ ಉತ್ಸಾಹ ತಯಾರಕರಿಗಿಲ್ಲ. ಬೇಡಿಕೆ ಇದ್ದೂ ಪೂರೈಕೆ ಸೊರಗುವುದು ಹೀಗೆ.

ಇದರ ಪರಿಣಾಮ ಬೆಲೆಪಟ್ಟಿಯಲ್ಲಿ ನೇರವಾಗಿ ಕಾಣುತ್ತದೆ. ಡಿಸೆಂಬರ್‌ನ ಏರಿಕೆಯಲ್ಲಿ 2 ಜಿಬಿಯ ಪೈ 5 ಹೆಚ್ಚಿದ್ದು 5 ಡಾಲರ್, 4 ಜಿಬಿಯದು 10, 8 ಜಿಬಿಯದು 15, 16 ಜಿಬಿಯದು 25. ಅದೇ ದಿನ 1 ಜಿಬಿಯ ಪೈ 5 ಎಂಬ ಹೊಸ ಮಾದರಿ 45 ಡಾಲರ್‌ಗೆ ಬಂತು. 2026ರ ಫೆಬ್ರುವರಿಯಲ್ಲಿ ಬಂದ ಎರಡನೇ ಏರಿಕೆಯಲ್ಲೂ 1 ಜಿಬಿಯ ಬೆಲೆ ಮಾತ್ರ ಬದಲಾಗಲಿಲ್ಲ. ಜಿಬಿ ಹೆಚ್ಚಾದಷ್ಟೂ ಹೊರೆ ಹೆಚ್ಚು.

ಈ ಕಾರಣ ಪೈಗೆ ಮಾತ್ರ ಸೇರಿದ್ದಲ್ಲ ಎಂಬುದನ್ನು ಗಮನಿಸಬೇಕು. ಆರೆಂಜ್ ಪೈಯಾಗಲಿ, ರಾಡ್ಕ್ಸಾ ಆಗಲಿ, ಮೆಮೊರಿ ಕೊಳ್ಳುವುದು ಇದೇ ಮಾರುಕಟ್ಟೆಯಲ್ಲಿ. ಚಿಕ್ಕ ತಯಾರಕರಿಗೆ ದೊಡ್ಡ ಮುಂಗಡ ಖರೀದಿಯ ಶಕ್ತಿಯೂ ಕಡಿಮೆ. ಆದ್ದರಿಂದ ‘ಪೈ ಬೆಲೆ ಏರಿಸಿದೆ, ಬೇರೆ ಬೋರ್ಡ್‌ಗೆ ಹೋದರೆ ಉಳಿತಾಯ’ ಎಂಬ ತರ್ಕ ಹೆಚ್ಚು ದೂರ ನಡೆಯುವುದಿಲ್ಲ. ಇಂದು ಅಗ್ಗವಾಗಿ ಕಾಣುವ ಬೋರ್ಡ್, ತಯಾರಕರ ಬಳಿ ಉಳಿದಿರುವ ಹಳೆಯ ಮೆಮೊರಿ ದಾಸ್ತಾನಿನ ಬಲದಿಂದ ಹಾಗೆ ಕಾಣುತ್ತಿರಬಹುದು.

ಹಿಂದಿನ ಕೊರತೆಯೇ ಬೇರೆ

2021ರಿಂದ 2023ರವರೆಗೆ ಪೈ ಸಿಗದೆ ಹೋದ ಕಾಲವನ್ನು ಹಲವರು ಈಗ ನೆನೆಯುತ್ತಿದ್ದಾರೆ. ಆಗ ಕೊರತೆ ಇದ್ದದ್ದು ಬೋರ್ಡ್‌ಗೆ. ಪಟ್ಟಿಯ ಬೆಲೆ ಸ್ವಲ್ಪವೇ ಬದಲಾದರೂ ವಸ್ತು ಕೈಗೆ ಸಿಗುತ್ತಿರಲಿಲ್ಲ, ಮರುಮಾರಾಟಗಾರರು ಹಲವು ಪಟ್ಟು ಕೇಳುತ್ತಿದ್ದರು. ಪೈಯನ್ನೇ ನಂಬಿ ತಮ್ಮ ಉತ್ಪನ್ನ ಕಟ್ಟಿದ್ದ ಉದ್ಯಮಗಳಿಗೆ ಕಂಪನಿ ಆದ್ಯತೆ ಕೊಟ್ಟಿತು. ಹವ್ಯಾಸಿಗಳು ಅದನ್ನು ದ್ರೋಹವೆಂದೇ ಭಾವಿಸಿದರು. ಆ ನೋವು ಅರ್ಥವಾಗುವಂಥದ್ದೇ. ಈಗಿನ ಪರಿಸ್ಥಿತಿಯಲ್ಲಿ ಬೋರ್ಡ್ ಸಿಗುತ್ತದೆ, ಬೆಲೆ ಮಾತ್ರ ಹೆಚ್ಚು. ಆಗಿನ ಪರಿಹಾರ ಏನು ಸಿಕ್ಕರೂ ಕೊಂಡುಕೊಳ್ಳುವುದಾಗಿತ್ತು. ಈಗ ಬೇಕಾದಷ್ಟನ್ನೇ ಅಳೆದು ಕೊಳ್ಳಬೇಕು.

ಹಾಗಾಗಿ ‘ಇರಲಿ, ದೊಡ್ಡ ಮೆಮೊರಿಯದನ್ನೇ ತಗೊಳ್ಳಿ’ ಎಂಬ ಹಳೆಯ ಸಲಹೆಯನ್ನು ಮರುಪರಿಶೀಲಿಸುವ ಹೊತ್ತು ಬಂದಿದೆ. ಜಾಹೀರಾತು ತಡೆಯುವ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ) ಸೇವೆ, ಸೆನ್ಸರ್‌ಗಳ ದಾಖಲೆ, ಪ್ರಿಂಟ್ ಸರ್ವರ್, ಸಂಗೀತ ಪ್ಲೇಯರ್ ಇವೆಲ್ಲ 512 ಎಂಬಿಯಿಂದ 1 ಜಿಬಿಯೊಳಗೆ ಆರಾಮವಾಗಿ ನಡೆಯುತ್ತವೆ. 2021ರಲ್ಲಿ 15 ಡಾಲರ್‌ಗೆ ಬಂದ ಪೈ ಝೀರೋ 2 ಡಬ್ಲ್ಯೂನಲ್ಲಿರುವುದು 512 ಎಂಬಿ ಮಾತ್ರ. ಪರದೆ, ಕೀಬೋರ್ಡ್ ಇಲ್ಲದೆ ದೂರದಿಂದಲೇ ನಿಭಾಯಿಸುವ ಕೆಲಸಗಳಿಗೆ ಅದು ಇಂದಿಗೂ ಉತ್ತಮ ಆಯ್ಕೆ. ಬ್ರೌಸರ್ ತೆರೆದು ಡೆಸ್ಕ್‌ಟಾಪ್‌ನಂತೆ ಬಳಸುವುದಾದರೆ 4 ಜಿಬಿ ಬೇಕು. ಹಲವು ಕಂಟೇನರ್‌ಗಳನ್ನು (ಪ್ರತ್ಯೇಕವಾಗಿ ಕಟ್ಟಿಟ್ಟ ತಂತ್ರಾಂಶಗಳನ್ನು) ಒಟ್ಟಿಗೆ ಓಡಿಸುವವರಿಗೆ 8 ಜಿಬಿ. 16 ಜಿಬಿಯನ್ನು ಹೆಚ್ಚಿನವರು ಬಯಸುವುದು ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾದರಿಗಳನ್ನು ಸ್ಥಳೀಯವಾಗಿ ಓಡಿಸಲು. ಅಲ್ಲೊಂದು ಅಡಚಣೆ ಇದೆ. ದೊಡ್ಡ ಮಾದರಿ ಆ ಮೆಮೊರಿಯಲ್ಲಿ ಹಿಡಿಸಿದರೂ, ಮೆಮೊರಿಯಿಂದ ಪ್ರೊಸೆಸರ್‌ಗೆ ದತ್ತಾಂಶ ಸಾಗುವ ವೇಗ ಸಾಲದೆ, ಉತ್ತರ ಒಂದೊಂದೇ ಪದವಾಗಿ ತಡವರಿಸುತ್ತ ಬರುತ್ತದೆ. ಅದಕ್ಕಾಗಿ ಅಷ್ಟು ಹಣ ಕೊಡುವುದು ನನಗೆ ಸರಿಕಾಣುವುದಿಲ್ಲ.

ಕಾಗದದ ಮೇಲಿನ ಬಲ

ಪೈಗೆ ಎದುರಾಗಿ ಹೆಚ್ಚು ಹೇಳಲ್ಪಡುವ ಹೆಸರು ರಾಕ್‌ಚಿಪ್ ಕಂಪನಿಯ ಆರ್‌ಕೆ3588 ಎಂಬ ಪ್ರೊಸೆಸರ್ ಚಿಪ್. ಆರೆಂಜ್ ಪೈ 5, ರಾಡ್ಕ್ಸಾದ ರಾಕ್ 5ಬಿ ಮುಂತಾದವುಗಳಲ್ಲಿರುವುದು ಇದೇ ಚಿಪ್ ಅಥವಾ ಇದರ ಹತ್ತಿರದ ರೂಪ. ಇದರ ಗುಣಗಳು ನಿಜಕ್ಕೂ ದೊಡ್ಡವು. ಪೈ 5ರಲ್ಲಿ ನಾಲ್ಕು ಕಾರ್ಟೆಕ್ಸ್-ಎ76 ಕೋರ್‌ಗಳಿದ್ದರೆ ಇಲ್ಲಿ ಅಂಥವೇ ನಾಲ್ಕರ ಜೊತೆ ಮಿತವ್ಯಯದ ಇನ್ನೂ ನಾಲ್ಕು ಎ55 ಕೋರ್‌ಗಳಿವೆ. ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆಂದೇ ಇರುವ ಎನ್‌ಪಿಯು ಎಂಬ ಭಾಗ (6 ಟಾಪ್ಸ್, ಅಂದರೆ ಸೆಕೆಂಡಿಗೆ 6 ಲಕ್ಷ ಕೋಟಿ ಲೆಕ್ಕದ ಸಾಮರ್ಥ್ಯದ್ದು) ಒಳಗೇ ಇದೆ. ಪೈ 5ಕ್ಕೆ ಎನ್‌ವಿಎಂಇ ಎಂಬ ವೇಗದ ಡಿಸ್ಕ್ ಸೇರಿಸಲು ಬೇರೆ ಅಡಾಪ್ಟರ್ ಬೋರ್ಡ್ ಬೇಕು, ಅದರ ದತ್ತಾಂಶ ಸಾಗುವ ಪಿಸಿಐಇ ಎಂಬ ಮಾರ್ಗದಲ್ಲಿ ಅಧಿಕೃತವಾಗಿ ಸಿಗುವುದು 2.0 ಆವೃತ್ತಿಯ ಒಂದೇ ಲೇನ್. ರಾಕ್ 5ಬಿಯಲ್ಲಿ ಪಿಸಿಐಇ 3.0ರ ನಾಲ್ಕು ಲೇನ್‌ಗಳ ಸ್ಲಾಟ್ ಬೋರ್ಡ್‌ನಲ್ಲೇ ಇದೆ. ವೀಡಿಯೊ ವಿಷಯದಲ್ಲೂ ಹಾಗೆಯೇ. ಎಲ್ಲೆಡೆ ಬಳಕೆಯಲ್ಲಿರುವ ಎಚ್.264 ವೀಡಿಯೊ ಬಿಡಿಸುವ ಪ್ರತ್ಯೇಕ ಯಂತ್ರಾಂಶವನ್ನು ಪೈ 5ರಿಂದ ತೆಗೆದುಹಾಕಲಾಗಿದೆ, ಆ ಕೆಲಸ ಈಗ ಪ್ರೊಸೆಸರ್‌ನ ಮೇಲೆ ಬಿದ್ದಿದೆ.

ಹೀಗಿದ್ದೂ ಆರ್‌ಕೆ3588 ಕೊಂಡ ಎಷ್ಟೋ ಜನ ನಿರಾಶರಾಗುವುದೇಕೆ? ಇಲ್ಲಿ ಸ್ವಲ್ಪ ಆಳಕ್ಕೆ ಇಳಿಯಬೇಕಾಗುತ್ತದೆ, ಏಕೆಂದರೆ ಬೋರ್ಡ್ ಆಯ್ಕೆಯ ಬಹುತೇಕ ತಪ್ಪುಗಳು ಆಗುವುದು ಇದೇ ಜಾಗದಲ್ಲಿ.

ಕರ್ನಲ್ ಎಲ್ಲಿಂದ ಬರುತ್ತದೆ?

ಸಾಮಾನ್ಯ ಪಿಸಿಗೆ ಯಾವ ಲಿನಕ್ಸ್ ಹಾಕಿದರೂ ಓಡುತ್ತದೆ. ಅದಕ್ಕೆ ಕಾರಣ, ತನ್ನೊಳಗೆ ಏನೇನಿದೆ ಎಂದು ಪಿಸಿಯ ಫರ್ಮ್‌ವೇರ್ (ಯಂತ್ರದೊಳಗೇ ಇರುವ ಮೂಲ ತಂತ್ರಾಂಶ) ಒಂದು ಒಪ್ಪಿತ ಭಾಷೆಯಲ್ಲಿ ಕರ್ನಲ್‌ಗೆ, ಅಂದರೆ ಯಂತ್ರಾಂಶವನ್ನು ನಿಭಾಯಿಸುವ ಲಿನಕ್ಸ್‌ನ ತಿರುಳಿಗೆ, ಹೇಳುತ್ತದೆ. ಪೈಯಂಥ, ಆರ್ಮ್ ಮಾದರಿಯ ಪ್ರೊಸೆಸರ್‌ನ ಚಿಕ್ಕ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಈ ವ್ಯವಸ್ಥೆ ಇಲ್ಲ. ಯಾವ ಪಿನ್ ಎಲ್ಲಿ, ಯಾವ ವಿದ್ಯುತ್ ನಿಯಂತ್ರಕ ಎಲ್ಲಿ ಎಂಬ ವಿವರವನ್ನು ಪ್ರತಿ ಬೋರ್ಡ್‌ಗೂ ಪ್ರತ್ಯೇಕವಾಗಿ ಬರೆದು ಕೊಡಬೇಕು. ಇದಕ್ಕೆ ಡಿವೈಸ್ ಟ್ರೀ ಎನ್ನುತ್ತಾರೆ. ಜೊತೆಗೆ ಚಿಪ್‌ನೊಳಗಿನ ಗ್ರಾಫಿಕ್ಸ್, ವೀಡಿಯೊ, ಕ್ಯಾಮೆರಾ ಭಾಗಗಳಿಗೆಲ್ಲ ಅವನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್ ಬೇಕು.

ಚಿಪ್ ಕಂಪನಿಗಳು ಮಾಡುವುದೇನೆಂದರೆ, ಅಂದಿನ ಲಿನಕ್ಸ್ ಕರ್ನಲ್‌ನ ಒಂದು ಪ್ರತಿ ತೆಗೆದುಕೊಂಡು, ಅದಕ್ಕೆ ತಮ್ಮ ಡ್ರೈವರ್‌ಗಳನ್ನು ಸೇರಿಸಿ, ಹಾಗೆಯೇ ಕೊಟ್ಟುಬಿಡುತ್ತವೆ. ಟಿವಿ ಪೆಟ್ಟಿಗೆ, ಟ್ಯಾಬ್ಲೆಟ್ ತಯಾರಕರಿಗೆ ಅಷ್ಟೇ ಸಾಕು. ಹವ್ಯಾಸಿಗೆ ಸಾಲದು. ಮೂಲ ಕರ್ನಲ್ ಮುಂದೆ ಸಾಗುತ್ತದೆ, ಈ ಪ್ರತಿ ನಿಂತಲ್ಲೇ ನಿಂತಿರುತ್ತದೆ. ಆ ಡ್ರೈವರ್‌ಗಳನ್ನು ಯಾರಾದರೂ ಮೂಲ ಕರ್ನಲ್‌ಗೆ ಸೇರಿಸುವವರೆಗೆ ಬೋರ್ಡ್ ಆ ಹಳೆಯ ಪ್ರತಿಗೇ ಕಟ್ಟುಬಿದ್ದಿರುತ್ತದೆ.

ಆರ್‌ಕೆ3588ರ ಕಥೆ ಇದೇ. ಬೋರ್ಡ್‌ಗಳು 2022ರಿಂದಲೇ ಮಾರಾಟಕ್ಕೆ ಬಂದವು. ಅವುಗಳ ಜೊತೆ ಬಂದದ್ದು ರಾಕ್‌ಚಿಪ್‌ನದೇ 5.10 ಕರ್ನಲ್, ನಂತರ 6.1. ಅದರ ಮಾಲಿ ಗ್ರಾಫಿಕ್ಸ್‌ಗೆ ಮುಕ್ತ ಡ್ರೈವರ್ ಆದ ಪ್ಯಾಂಥರ್ ಮೂಲ ಕರ್ನಲ್‌ಗೆ ಸೇರಿದ್ದು 2024ರಲ್ಲಿ, 6.10 ಆವೃತ್ತಿಯೊಂದಿಗೆ. ಉಳಿದ ಭಾಗಗಳು ಒಂದೊಂದಾಗಿ, ಕೊಲಾಬೊರಾದಂಥ ಸಂಸ್ಥೆಗಳ ಮತ್ತು ಸ್ವಯಂಸೇವಕರ ದುಡಿಮೆಯಿಂದ ಬರುತ್ತಿವೆ. ಅಂದರೆ ಮೊದಲ ದಿನ ಕೊಂಡವರು ಪೆಟ್ಟಿಗೆಯ ಮೇಲೆ ಬರೆದದ್ದನ್ನು ಪೂರ್ತಿ ಬಳಸಲು ವರ್ಷಗಟ್ಟಲೆ ಕಾದರು. ಇಂದು ಕೊಳ್ಳುವವರ ಸ್ಥಿತಿ ಎಷ್ಟೋ ಉತ್ತಮ. ಹೊಚ್ಚಹೊಸ ಚಿಪ್‌ಗಿಂತ ಮೂರು ವರ್ಷ ಹಳೆಯ ಚಿಪ್ ಹವ್ಯಾಸಿಗೆ ಹೆಚ್ಚು ಹಿತ ಎಂಬ ವಿಚಿತ್ರ ನಿಯಮ ಹುಟ್ಟುವುದು ಇಲ್ಲಿಂದಲೇ.

ಬೆಂಬಲ ನಿಂತರೆ ಏನಾಗುತ್ತದೆ ಎಂಬುದಕ್ಕೆ ಎನ್ವಿಡಿಯಾದ ಜೆಟ್‌ಸನ್ ನ್ಯಾನೊ ಉದಾಹರಣೆ. 2019ರಲ್ಲಿ 99 ಡಾಲರ್‌ಗೆ ಬಂದು, ಯಂತ್ರದೃಷ್ಟಿಯ ಪ್ರಯೋಗ ಮಾಡುವವರ ಮನಗೆದ್ದ ಬೋರ್ಡ್ ಅದು. ಅದರ ಅಧಿಕೃತ ತಂತ್ರಾಂಶ ಉಬುಂಟು ಲಿನಕ್ಸ್‌ನ 18.04 ಆವೃತ್ತಿಯಲ್ಲೇ ಉಳಿಯಿತು. ಆ ಉಬುಂಟುವಿನ ಸಾಮಾನ್ಯ ಬೆಂಬಲ 2023ರಲ್ಲಿ ಮುಗಿಯಿತು. ಯಂತ್ರಾಂಶ ಹಾಳಾಗಿಲ್ಲ. ಆದರೆ ಪೈಥಾನ್ ಭಾಷೆಯ ಹೊಸ ಗ್ರಂಥಾಲಯಗಳು (ಸಿದ್ಧ ಕೋಡ್‌ನ ಸಂಗ್ರಹಗಳು) ಅದರ ಮೇಲೆ ಸುಲಭವಾಗಿ ಕೂರುವುದಿಲ್ಲ. ಇನ್ನೊಂದು ಪಕ್ಕದಲ್ಲಿ 2012ರ ಮೊದಲ ಪೈಯನ್ನು ಇಟ್ಟು ನೋಡಿ. ರಾಸ್ಪ್‌ಬೆರಿ ಪೈ ಓಎಸ್‌ನ 32 ಬಿಟ್ ಆವೃತ್ತಿ ಅದರ ಮೇಲೆ ಈಗಲೂ ಓಡುತ್ತದೆ. ಪೈಗೆ ಕೊಡುವ ಹೆಚ್ಚುವರಿ ಹಣ ಹೋಗುವುದು ಬಹುತೇಕ ಈ ನಿರಂತರತೆಗೆ.

ಇದರರ್ಥ ಪೈ ಎಲ್ಲ ವಿಷಯದಲ್ಲೂ ಮುಕ್ತ ಎಂದಲ್ಲ. ಅದರ ಫರ್ಮ್‌ವೇರ್‌ನ ಮುಖ್ಯ ಭಾಗ ಮುಚ್ಚಿದ್ದೇ. ಬೋರ್ಡ್‌ನ ಪೂರ್ಣ ವಿನ್ಯಾಸ ಕಡತಗಳು ಸಿಗುವುದಿಲ್ಲ. ವಿನ್ಯಾಸವೂ ಮುಕ್ತವಾಗಿರಬೇಕು ಎನ್ನುವವರ ವಾದಕ್ಕೆ ತೂಕವಿದೆ. ಅವರಿಗೆ ತನ್ನ ವಿನ್ಯಾಸವನ್ನು ಬಹಿರಂಗವಾಗಿಟ್ಟಿರುವ ಬೀಗಲ್‌ಬೋನ್ ಬೋರ್ಡ್‌ಗಳ ಕುಟುಂಬವೇ ಹೆಚ್ಚು ಹೊಂದುತ್ತದೆ.

ನಲವತ್ತು ಪಿನ್‌ಗಳು ಒಂದೇ ಅಲ್ಲ

ಸೆನ್ಸರ್, ಮೋಟಾರ್ ಮುಂತಾದವನ್ನು ಜೋಡಿಸಲೆಂದು 2014ರ ಪೈ ಮಾದರಿಯಿಂದ ಬಂದ 40 ಪಿನ್‌ಗಳ ಸಾಲನ್ನು ಬಹುತೇಕ ಎಲ್ಲ ಪರ್ಯಾಯ ಬೋರ್ಡ್‌ಗಳೂ ಅನುಕರಿಸಿವೆ. ನೋಡಲು ಒಂದೇ. ವಿದ್ಯುತ್ ಮತ್ತು ಗ್ರೌಂಡ್ ಪಿನ್‌ಗಳ ಸ್ಥಾನವೂ ಸಾಮಾನ್ಯವಾಗಿ ಅದೇ. ಆದರೆ ಆ ಪಿನ್‌ನ ಹಿಂದಿರುವ ಚಿಪ್ ಬೇರೆ, ಸಂಖ್ಯೆಗಳು ಬೇರೆ, ಯಾವ ಪಿನ್ ಯಾವ ಹೆಚ್ಚುವರಿ ಕೆಲಸ ಮಾಡಬಲ್ಲದು ಎಂಬುದೂ ಬೇರೆ. ಪೈಗಾಗಿ ಬರೆದ ಪೈಥಾನ್ ಕೋಡ್ ಅಲ್ಲಿ ಹಾಗೆಯೇ ಓಡಬೇಕೆಂದಿಲ್ಲ. ಪೈ ಮೇಲೆ ಕೂರುವ ಹ್ಯಾಟ್ ಬೋರ್ಡ್ ದೈಹಿಕವಾಗಿ ಕೂತರೂ ಡ್ರೈವರ್ ಇಲ್ಲದೆ ಸುಮ್ಮನಿರಬಹುದು. ಕ್ಯಾಮೆರಾದ ವಿಷಯದಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಪೈ ಕುಟುಂಬದೊಳಗೂ ಹೀಗಾಗಿದೆ. ಪೈ 5ರಲ್ಲಿ ಪಿನ್‌ಗಳನ್ನು ನೋಡಿಕೊಳ್ಳುವ ಕೆಲಸ ಮುಖ್ಯ ಪ್ರೊಸೆಸರ್‌ನಿಂದ ಆರ್‌ಪಿ1 ಎಂಬ ಪ್ರತ್ಯೇಕ ಚಿಪ್‌ಗೆ ಹೋಯಿತು. ವರ್ಷಗಳಿಂದ ಎಲ್ಲ ಪಾಠಗಳಲ್ಲಿ ಬರುತ್ತಿದ್ದ ಹಳೆಯ ಆರ್‌ಪಿಐ.ಜಿಪಿಐಒ ಗ್ರಂಥಾಲಯ ಅಲ್ಲಿಗೆ ಕೆಲಸಕ್ಕೆ ಬಾರದಾಯಿತು. ಎಲ್‌ಇಡಿ ಮಿನುಗಿಸುವ ಮೊದಲ ಪಾಠದಲ್ಲೇ ದೋಷ ಕಂಡು ಹೊಸಬರು ಕಂಗಾಲಾದರು. ಜಿಪಿಐಒ ಝೀರೋ ಬಳಸಿದವರಿಗೆ ಅಷ್ಟು ಕಷ್ಟವಾಗಲಿಲ್ಲ.

ಆರ್ಡುಯಿನೊ ಕೈಬದಲಾದದ್ದು

2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಆರ್ಡುಯಿನೊ ಈವರೆಗೆ ಮುಖ್ಯವಾಗಿ ಮೈಕ್ರೋಕಂಟ್ರೋಲರ್‌ಗಳ (ಒಂದೇ ಪುಟ್ಟ ಪ್ರೋಗ್ರಾಮ್ ಓಡಿಸುವ ನಿಯಂತ್ರಕ ಚಿಪ್‌ಗಳ) ಲೋಕ. ಕ್ವಾಲ್ಕಾಮ್ ಜೊತೆ ಬಂದ ಊನೊ ಕ್ಯೂ ಎಂಬ ಬೋರ್ಡ್ ಆ ಗಡಿ ದಾಟುತ್ತದೆ. ಒಂದೇ ಬೋರ್ಡ್‌ನಲ್ಲಿ ಡೆಬಿಯನ್ ಲಿನಕ್ಸ್ ಓಡಿಸುವ ನಾಲ್ಕು ಕೋರ್‌ನ ಕ್ವಾಲ್ಕಾಮ್ ಚಿಪ್, ಪಕ್ಕದಲ್ಲೇ ಎಸ್‌ಟಿಎಂ32 ಮೈಕ್ರೋಕಂಟ್ರೋಲರ್. 2 ಜಿಬಿ ಮಾದರಿಗೆ ಘೋಷಿಸಿದ ಬೆಲೆ 44 ಡಾಲರ್.

ಈ ಜೋಡಣೆ ಜಾಣತನದ್ದು. ಲಿನಕ್ಸ್ ಒಂದೇ ಹೊತ್ತಿಗೆ ಹತ್ತಾರು ಕೆಲಸಗಳ ನಡುವೆ ಸಮಯ ಹಂಚುತ್ತದೆ. ಮೋಟಾರ್‌ಗೆ ನಿಖರ ಕ್ಷಣದಲ್ಲಿ ಸಂಕೇತ ಕೊಡಬೇಕಾದಾಗ ಅದು ಬೇರೆಲ್ಲೋ ಮಗ್ನವಾಗಿರಬಹುದು. ಮೈಕ್ರೋಕಂಟ್ರೋಲರ್ ಹಾಗಲ್ಲ, ಅದಕ್ಕಿರುವುದು ಅದೊಂದೇ ಕೆಲಸ. 2013ರ ಬೀಗಲ್‌ಬೋನ್ ಬ್ಲ್ಯಾಕ್ ಕೂಡ ಇದೇ ಸಮಸ್ಯೆಗೆ ತನ್ನದೇ ಉತ್ತರ ಕೊಟ್ಟಿತ್ತು. ಅದರ ಚಿಪ್‌ನೊಳಗೆ 200 ಮೆಗಾಹರ್ಟ್ಸ್‌ನ ಎರಡು ಪುಟ್ಟ ಪ್ರೊಸೆಸರ್‌ಗಳು ಬರೀ ಸಮಯನಿಷ್ಠ ಕೆಲಸಕ್ಕೆಂದೇ ಇವೆ.

ಆತಂಕ ಇರುವುದು ಒಡೆತನದ ಬಗ್ಗೆ. ಖರೀದಿಯ ಘೋಷಣೆಯ ಬೆನ್ನಲ್ಲೇ ಆರ್ಡುಯಿನೊದ ಬಳಕೆಯ ನಿಯಮಗಳು ಬದಲಾದವು. ರಿವರ್ಸ್ ಎಂಜಿನಿಯರಿಂಗ್ (ಬಿಚ್ಚಿ ನೋಡಿ ಒಳಗಿನ ರಚನೆ ಅರಿಯುವುದು) ನಿಷೇಧಿಸುವ ಮಾತು ಅದರಲ್ಲಿ ಕಂಡು ಮುಕ್ತ ಯಂತ್ರಾಂಶದ ಬಳಗ ಸಿಟ್ಟಾಯಿತು. ಅದು ಕ್ಲೌಡ್ ಸೇವೆಗಳಿಗೆ ಮಾತ್ರ, ಬೋರ್ಡ್‌ಗಳ ಮುಕ್ತತೆ ಹಾಗೆಯೇ ಇರುತ್ತದೆ ಎಂದು ಸಂಸ್ಥೆ ಸ್ಪಷ್ಟಪಡಿಸಿತು. ಎರಡೂ ಪಕ್ಷದ ಮಾತಿನಲ್ಲಿ ಹುರುಳಿದೆ. ಈಗಾಗಲೇ ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾದ ವಿನ್ಯಾಸ, ಕೋಡ್‌ಗಳನ್ನು ಯಾರೂ ಹಿಂದಕ್ಕೆ ಪಡೆಯಲಾರರು. ಆದರೆ ಮುಂದಿನ ಬೋರ್ಡ್‌ಗಳ ಹೃದಯದಲ್ಲಿರುವುದು ಕ್ವಾಲ್ಕಾಮ್ ಚಿಪ್. ಹಳೆಯ ಊನೊದ ಚಿಪ್ಪನ್ನು ಬಿಡಿಯಾಗಿ ಕೊಂಡು ಯಾರು ಬೇಕಾದರೂ ತಮ್ಮದೇ ಬೋರ್ಡ್ ಮಾಡಬಹುದಾಗಿದ್ದ ಸರಳತೆಯನ್ನು ಅಂಥ ಚಿಪ್‌ನಿಂದ ನಿರೀಕ್ಷಿಸುವುದು ಕಷ್ಟ.

ಮೇಲಿನಿಂದಲೂ ಕೆಳಗಿನಿಂದಲೂ ಒತ್ತಡ

ಎಷ್ಟೋ ಯೋಜನೆಗಳಿಗೆ ಸಿಂಗಲ್ ಬೋರ್ಡ್ ಕಂಪ್ಯೂಟರೇ ಬೇಕಿಲ್ಲ. ಗಿಡದ ಮಣ್ಣಿನ ತೇವ ಅಳೆದು ವೈಫೈ ಮೂಲಕ ಕಳಿಸಬೇಕು ಎಂದುಕೊಳ್ಳಿ. ಅದಕ್ಕೆ ವೈಫೈ ಇರುವ ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರ್ ಸಾಕು. ವಿದ್ಯುತ್ ಬಂದ ಕೂಡಲೇ ಎಚ್ಚರಗೊಳ್ಳುತ್ತದೆ, ಕರೆಂಟು ಹೋದರೆ ಕೆಡಲು ಮೆಮೊರಿ ಕಾರ್ಡೇ ಇಲ್ಲ. ಉಳಿದ ಹೊತ್ತು ಮಲಗಿದ್ದು ಬ್ಯಾಟರಿಯಲ್ಲೇ ತಿಂಗಳುಗಟ್ಟಲೆ ಬಾಳುತ್ತದೆ. 2024ರಲ್ಲಿ 5 ಡಾಲರ್‌ಗೆ ಬಂದ ಮೈಕ್ರೋಕಂಟ್ರೋಲರ್ ಬೋರ್ಡ್ ಪೈ ಪಿಕೊ 2ರಲ್ಲಿರುವ 520 ಕೆಬಿ ಮೆಮೊರಿ ಚಿಪ್‌ನೊಳಗೇ ಇದೆ. ಡಿರ‍್ಯಾಮ್ ಮಾರುಕಟ್ಟೆಯ ಏರಿಳಿತಕ್ಕೂ ಇದಕ್ಕೂ ನೇರ ನಂಟಿಲ್ಲ. ಬೆಲೆಯ ಈ ಬಿರುಗಾಳಿಯಲ್ಲಿ ಮೈಕ್ರೋಕಂಟ್ರೋಲರ್‌ಗಳು ಅಲುಗದೆ ನಿಂತಿರುವುದು ಇದಕ್ಕೇ.

ಮೇಲ್ತುದಿಯಲ್ಲಿ ಇಂಟೆಲ್ ಎನ್100ರಂಥ ಚಿಪ್‌ಗಳ ಮಿನಿ ಪಿಸಿಗಳಿವೆ. ಪೈ 5ರ ಬೆಲೆ ಎಂದು ನಾವು ಹೇಳುವುದು ಬರಿಯ ಬೋರ್ಡ್‌ನದು. ಫ್ಯಾನ್, ಡಬ್ಬಿ, ಕಾರ್ಡ್ ಅಥವಾ ಡಿಸ್ಕ್, ಅದರ ಅಡಾಪ್ಟರ್ ಎಲ್ಲ ಬೇರೆ. ವಿದ್ಯುತ್ ಅಡಾಪ್ಟರ್ ಕೂಡ ವಿಶೇಷವೇ. ಅದು ಬಯಸುವುದು 5 ವೋಲ್ಟ್‌ನಲ್ಲಿ 5 ಆಂಪಿಯರ್. ಸಾಮಾನ್ಯ ಫೋನ್ ಚಾರ್ಜರ್ 5 ವೋಲ್ಟ್‌ನಲ್ಲಿ ಹೆಚ್ಚೆಂದರೆ 3 ಆಂಪಿಯರ್ ಕೊಡುತ್ತದೆ, ಆಗ ಪೈ ತನ್ನ ಯುಎಸ್‌ಬಿ ಸಾಧನಗಳಿಗೆ ಹೋಗುವ ವಿದ್ಯುತ್ತನ್ನು ಮೊಟಕುಗೊಳಿಸುತ್ತದೆ. ಇವೆಲ್ಲ ಕೂಡಿದಾಗ ಮನೆಯ ಫೈಲ್ ಸರ್ವರ್, ಮೀಡಿಯಾ ಸರ್ವರ್‌ಗೆ ಮಿನಿ ಪಿಸಿಯೇ ಲಾಭ. ಎಲ್ಲಕ್ಕಿಂತ ಮುಖ್ಯವಾಗಿ ಅದರ ಮೇಲೆ ಯಾವ ಲಿನಕ್ಸ್ ಹಾಕಿದರೂ ನಡೆಯುತ್ತದೆ. ಕರ್ನಲ್ ಚಿಂತೆ ಇಲ್ಲ. ಹೊಸ ಮಿನಿ ಪಿಸಿಗಳಿಗೂ ಮೆಮೊರಿ ದರ ತಟ್ಟುತ್ತದೆ, ನಿಜ. ಆದರೆ ಕಚೇರಿಗಳು ಬಳಸಿ ಬಿಟ್ಟ ಹಳೆಯ ಮಿನಿ ಪಿಸಿಗಳಲ್ಲಿ ಮೆಮೊರಿ ಆಗಲೇ ಕೂತಿರುತ್ತದೆ. ಅದರಲ್ಲಿ ಪಿನ್‌ಗಳಿಲ್ಲ ಎಂಬ ಕೊರತೆಯನ್ನು ಯುಎಸ್‌ಬಿಗೆ ಒಂದು ಪಿಕೊ ಸಿಕ್ಕಿಸಿ ನೀಗಿಸಬಹುದು.

ಹಾಗಾದರೆ ನಡುವಿನ ಜಾಗ ಯಾರದು? ಲಿನಕ್ಸ್ ಬೇಕು, ಪಿನ್‌ಗಳೂ ಬೇಕು, ಗಾತ್ರ ಚಿಕ್ಕದಿರಬೇಕು, ಕಡಿಮೆ ವಿದ್ಯುತ್ ಸಾಕಾಗಬೇಕು ಎಂಬ ನಾಲ್ಕೂ ಷರತ್ತು ಒಟ್ಟಿಗೆ ಬಂದಾಗ ಮಾತ್ರ ಸಿಂಗಲ್ ಬೋರ್ಡ್ ಕಂಪ್ಯೂಟರ್. ರೋಬೋಟ್, ಕ್ಯಾಮೆರಾ ಇಟ್ಟು ಹಕ್ಕಿ ಗುರುತಿಸುವ ಪೆಟ್ಟಿಗೆ, 3ಡಿ ಪ್ರಿಂಟರ್ ನಿಯಂತ್ರಣ ಇಂಥವು. ಕಲಿಯುವವರಿಗೆ ಮತ್ತು ಕ್ಯಾಮೆರಾ ಬಳಸುವವರಿಗೆ ಪೈ. ವೇಗದ ಡಿಸ್ಕ್, ಎನ್‌ಪಿಯು ಎರಡೂ ಬೇಕಿದ್ದು, ಕೆಲವು ಸಂಜೆಗಳನ್ನು ಕರ್ನಲ್ ಜೊತೆ ಕಳೆಯಲು ಸಿದ್ಧರಿರುವವರಿಗೆ ಆರ್‌ಕೆ3588. ಆದರೆ ಆ ಎನ್‌ಪಿಯುಗೆ ಸಾಮಾನ್ಯವಾಗಿ ರಾಕ್‌ಚಿಪ್‌ನ ಸಾಧನಗಳ ಮೂಲಕ ಮಾದರಿಗಳನ್ನು ಅದರದೇ ರೂಪಕ್ಕೆ ಬದಲಿಸಿಕೊಳ್ಳಬೇಕಾಗುತ್ತದೆ. ರಿಸ್ಕ್-ಫೈವ್ ಎಂಬ ಮುಕ್ತ ಪ್ರೊಸೆಸರ್ ವಿನ್ಯಾಸವನ್ನು ಬಳಸುವ ವಿಷನ್‌ಫೈವ್ 2ರಂಥ ಬೋರ್ಡ್‌ಗಳನ್ನು ಆ ವಿನ್ಯಾಸವನ್ನೇ ಅರಿಯಬೇಕೆಂಬ ಆಸೆ ಇದ್ದರೆ ಕೊಳ್ಳಿ, ಅದು ಒಳ್ಳೆಯ ಆಸೆ. ಕೆಲಸ ಮುಗಿಸುವ ಅವಸರವಿದ್ದರೆ ಬೇಡ.

ಮುಂದೇನಾಗಬಹುದು

ಮೆಮೊರಿ ಕಾರ್ಖಾನೆ ಕಟ್ಟಲು ವರ್ಷಗಳು ಹಿಡಿಯುತ್ತವೆ. ಆದ್ದರಿಂದ ಬೆಲೆ ಬೇಗ ಇಳಿಯುತ್ತದೆ ಎಂದು ಯೋಜನೆಯನ್ನು ಮುಂದೂಡುವುದರಲ್ಲಿ ಅರ್ಥವಿಲ್ಲ. 1 ಜಿಬಿ, 2 ಜಿಬಿಯ ಮಾದರಿಗಳಿಗೆ ಮತ್ತೆ ಮಹತ್ವ ಬರುತ್ತದೆ. ಅವುಗಳ ಜೊತೆಗೆ ಡೆಸ್ಕ್‌ಟಾಪ್ ಇಲ್ಲದ ಹಗುರ ಲಿನಕ್ಸ್ ವಿತರಣೆಗಳಿಗೂ. ಈಗಾಗಲೇ ಕೈಯಲ್ಲಿರುವ ಪೈ 3, ಪೈ 4ಗಳನ್ನು ಡ್ರಾಯರ್‌ನಿಂದ ಹೊರತೆಗೆಯುವುದಂತೂ ಅತ್ಯಂತ ಅಗ್ಗದ ಪರ್ಯಾಯ. ನನ್ನ ಚಿಂತೆ ಇರುವುದು ಚಿಕ್ಕ ತಯಾರಕರ ಬಗ್ಗೆ. ದುಬಾರಿ ಮೆಮೊರಿಯಿಂದ ಅವರ ಲಾಭ ಕರಗಿದರೆ ಮೊದಲು ಕಡಿತವಾಗುವುದು ತಂತ್ರಾಂಶದ ಮೇಲಿನ ಖರ್ಚು. ಬೋರ್ಡ್ ಮಾರಾಟದಲ್ಲಿ ಇರುತ್ತದೆ, ಅದಕ್ಕೆ ಹೊಸ ಇಮೇಜ್ (ಕಾರ್ಡ್‌ಗೆ ಬರೆದುಕೊಳ್ಳುವ ಸಿದ್ಧ ಲಿನಕ್ಸ್ ಕಡತ) ಬರುವುದು ನಿಂತಿರುತ್ತದೆ.

ಅದನ್ನು ಪತ್ತೆಹಚ್ಚಲು ಪರಿಣತಿ ಬೇಕಿಲ್ಲ. ಹಣ ಕೊಡುವ ಮೊದಲು ಆ ಬೋರ್ಡ್‌ನ ಡೌನ್‌ಲೋಡ್ ಪುಟ ತೆರೆದು, ಕೊನೆಯ ಇಮೇಜ್‌ನ ದಿನಾಂಕ ಮತ್ತು ಅದರ ಕರ್ನಲ್ ಆವೃತ್ತಿ ನೋಡಿ. ಇಂಥ ಬೋರ್ಡ್‌ಗಳಿಗೆಂದೇ ಲಿನಕ್ಸ್ ಸಿದ್ಧಪಡಿಸುವ ಆರ್ಮ್‌ಬಿಯನ್ ಯೋಜನೆಯ ಪಟ್ಟಿಯಲ್ಲಿ ಆ ಬೋರ್ಡ್‌ಗೆ ಪೂರ್ಣ ಬೆಂಬಲ ಇದೆಯೋ, ಸಮುದಾಯದ ಬೆಂಬಲ ಮಾತ್ರವೋ ಎಂದು ನೋಡಿ. ಇಮೇಜ್ ಎರಡು ವರ್ಷ ಹಳೆಯದಾಗಿದ್ದು, ಕರ್ನಲ್ ಇನ್ನೂ 5.10 ಎಂದಿದ್ದರೆ, 2026ರ ಡಿಸೆಂಬರ್‌ಗೆ ಲಿನಕ್ಸ್ ಕರ್ನಲ್‌ನ ಮೂಲ ಯೋಜನೆಯೇ ಆ ಆವೃತ್ತಿಯ ಬೆಂಬಲ ನಿಲ್ಲಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಎಷ್ಟೇ ಕೋರ್‌ಗಳಿದ್ದರೂ ಆ ಬೋರ್ಡನ್ನು ಬಿಟ್ಟುಬಿಡಿ.